ಎರಡನೆಯವನಿಗೆ ಸಿಕ್ಕ ಮೈಕು

ಊರಿನಿಂದ ನೆಂಟರು ಬಂದರೆ ನಾವು ಪುಣೆಯ ಕನ್ನಡಿಗರು ಅವರನ್ನು ಕರೆದೊಯ್ಯುವುದು ಮಹಾಬಳೇಶ್ವರಕ್ಕೆ. ಕೃಷ್ಣೆ ಹುಟ್ಟುವ ಜಾಗದಲ್ಲಿ ಕೈಮುಗಿದು, ಸ್ಟ್ರಾಬೆರಿ ತಿಂದು ವಾಪಸ್ ಬರುವುದು ವಾಡಿಕೆ. ದಾರಿಯಲ್ಲಿ ಪಂಚಗಣಿ ಸಿಗುತ್ತದೆ. ಅಲ್ಲಿನ ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಯಲ್ಲಿ ಫರೋಖ್ ಬುಲ್ಸಾರಾ ಎಂಬ ಪಾರ್ಸಿ ಹುಡುಗ ಓದಿದ, ಗೆಳೆಯರ ಜೊತೆ ಸೇರಿ ತನ್ನ ಮೊದಲ ಬ್ಯಾಂಡ್ ಕಟ್ಟಿದ. ಮುಂದೆ ಇಂಗ್ಲೆಂಡಿಗೆ ಹೋಗಿ ಫ್ರೆಡ್ಡಿ ಮರ್ಕ್ಯುರಿಯಾದ, ‘ಕ್ವೀನ್’ ತಂಡದ ದನಿಯಾದ. 1991ರಲ್ಲಿ ತೀರಿಕೊಂಡ. ಆತನ ಹಾಡುಗಳನ್ನು 2014ರಿಂದ 2024ರವರೆಗೆ ಅದೇ ತಂಡದ ಜೊತೆ ದೇಶದೇಶ ಸುತ್ತಿ ಹಾಡಿದವನು ಆಡಂ ಲ್ಯಾಂಬರ್ಟ್. ಟಿವಿ ರಿಯಾಲಿಟಿ ಶೋ ಒಂದರಲ್ಲಿ ಎರಡನೇ ಸ್ಥಾನ ಪಡೆದ ಅಮೆರಿಕದ ಹುಡುಗ!

ಅದು 2009ರ ‘ಅಮೆರಿಕನ್ ಐಡಲ್’. ಆಡಿಷನ್‌ನಲ್ಲಿ ಆತ ಹಾಡಿದ ಹಾಡುಗಳಲ್ಲಿ ಕ್ವೀನ್‌ನ ‘ಬೊಹೀಮಿಯನ್ ರಾಪ್ಸಡಿ’ಯೂ ಇತ್ತು. ಫೈನಲ್ ದಿನ ಕ್ವೀನ್‌ನ ಗಿಟಾರಿಸ್ಟ್ ಬ್ರಯಾನ್ ಮೇ, ಡ್ರಮ್ಮರ್ ರೋಜರ್ ಟೇಲರ್ ಇಬ್ಬರೂ ವೇದಿಕೆಗೆ ಬಂದು, ಕೊನೆಯ ಸುತ್ತಿನಲ್ಲಿ ಉಳಿದಿದ್ದ ಇಬ್ಬರಿಗೂ ಸಾಥ್ ಕೊಟ್ಟರು. ಸುಮಾರು 10 ಕೋಟಿ ವೋಟು ಬಿದ್ದಿತ್ತು ಎಂದು ಘೋಷಿಸಿದರು. ಟ್ರೋಫಿ ಕ್ರಿಸ್ ಅಲೆನ್ ಪಾಲಾಯಿತು.

ಗೆದ್ದವನು ಶೋನವರ ಒಪ್ಪಂದಕ್ಕೆ ಕಟ್ಟುಬೀಳುತ್ತಾನೆ, ಸೋತವನು ಸ್ವತಂತ್ರ, ಹಾಗಾಗಿ ಎರಡನೇ ಸ್ಥಾನವೇ ವಾಸಿ ಎಂಬ ಮಾತೊಂದು ಚಾಲ್ತಿಯಲ್ಲಿದೆ. ಅದರಲ್ಲಿ ಸ್ವಲ್ಪ ನಿಜವಿದೆ. ಆ ಫೈನಲ್‌ನಲ್ಲಿ ಇಬ್ಬರೂ ಶೋನವರೇ ಸಿದ್ಧಪಡಿಸಿದ್ದ ಒಂದೇ ಹಾಡನ್ನು ಹಾಡಬೇಕಾಯಿತು. ಗೆದ್ದವನ ಮೊದಲ ಸಿಂಗಲ್ ಆಗಿ ಬಂದದ್ದು ಅದೇ. ಅವನ ಆಯ್ಕೆಯ ಮಾತೇ ಇರಲಿಲ್ಲ. ಆದರೆ ಇಡೀ ಕಥೆ ಅಷ್ಟೇ ಅಲ್ಲ. ಲ್ಯಾಂಬರ್ಟ್‌ಗೂ ದೊಡ್ಡ ಕಂಪನಿಯ ಒಪ್ಪಂದವೇ ಸಿಕ್ಕಿತು. ಇಬ್ಬರ ಆಲ್ಬಂಗಳೂ ಅದೇ ನವೆಂಬರ್‌ನಲ್ಲಿ ಬಂದವು, ಎರಡರಲ್ಲೂ ಹಿಟ್ ಹಾಡುಗಳಿದ್ದವು. ಎರಡನೇ ಸ್ಥಾನದಲ್ಲೇ ಅದೃಷ್ಟವಿದ್ದಿದ್ದರೆ ಪ್ರತಿ ಸೀಸನ್ನಿನ ರನ್ನರ್ ಅಪ್ ಹೆಸರೂ ನಮಗೆ ನೆನಪಿರಬೇಕಿತ್ತು. ಓಡುತ್ತಿರುವ ಸರ್ವರ್‌ಗಳನ್ನಷ್ಟೇ ನೋಡಿ, ಬಿದ್ದುಹೋದವುಗಳ ಲಾಗ್ ತೆರೆಯದೆ ರಿಪೋರ್ಟ್ ಬರೆದರೆ ನಮ್ಮ ಆಫೀಸಿನಲ್ಲಿ ಯಾರೂ ಒಪ್ಪುವುದಿಲ್ಲ. ಇಲ್ಲಿ ಮಾತ್ರ ಒಪ್ಪಿಬಿಡುತ್ತೇವೆ.

ನನಗೆ ಮುಖ್ಯವೆನಿಸುವುದು ಆ ಶೋಗಿಂತ ಮುಂಚಿನ ವರ್ಷಗಳು. ಲ್ಯಾಂಬರ್ಟ್ ಸುಮಾರು ಹತ್ತನೇ ವಯಸ್ಸಿನಿಂದ ಮಕ್ಕಳ ನಾಟಕಗಳಲ್ಲಿ ಹಾಡಿ ಬೆಳೆದವನು. ಹತ್ತೊಂಬತ್ತಕ್ಕೆ ಕ್ರೂಸ್ ಹಡಗಿನಲ್ಲಿ ಗಾಯಕನಾಗಿ ತಿಂಗಳುಗಟ್ಟಲೆ ದುಡಿದ. ಆಮೇಲೆ ‘ವಿಕೆಡ್’ ಎಂಬ ಸಂಗೀತ ನಾಟಕದ ಮೇಳದಲ್ಲಿ ಹಾಡುತ್ತಾ, ನಾಯಕ ಪಾತ್ರಕ್ಕೆ ಅಂಡರ್‌ಸ್ಟಡಿಯಾದ. ಅಂದರೆ ಮುಖ್ಯ ನಟ ಬಾರದ ದಿನ ಆ ಪಾತ್ರ ಮಾಡಲು ಸಿದ್ಧನಾಗಿ ಕಾಯುವವನು. ಯಾರೋ ಹೊಲಿಸಿಕೊಂಡ ಪಾತ್ರಕ್ಕೆ ಇಳಿಯಬೇಕು, ಅವರ ನಕಲು ಎನಿಸಿಕೊಳ್ಳಬಾರದು! 2011ರಲ್ಲಿ ಬೆಲ್‌ಫಾಸ್ಟ್‌ನ ಪ್ರಶಸ್ತಿ ಸಮಾರಂಭವೊಂದರಲ್ಲಿ ಕ್ವೀನ್ ಜೊತೆ ಹಾಡಿದ. ಮರುವರ್ಷ ಯುರೋಪಿನಲ್ಲಿ ಕೆಲವು ಕಛೇರಿಗಳು. ಪೂರ್ಣ ಪ್ರವಾಸಕ್ಕೆ ಹೊರಡುವ ಹೊತ್ತಿಗೆ 2014. ತಾನು ಫ್ರೆಡ್ಡಿಯ ಜಾಗ ತುಂಬಲು ಬಂದವನಲ್ಲ ಎಂದು ವೇದಿಕೆಯ ಮೇಲೇ ಹೇಳಿಕೊಳ್ಳುತ್ತಾನೆ. ಬೋರ್ಡಿನ ಮೇಲೂ ‘ಕ್ವೀನ್ ಪ್ಲಸ್ ಆಡಂ ಲ್ಯಾಂಬರ್ಟ್’ ಎಂದೇ ಇರುತ್ತದೆ.

2013ರಲ್ಲಿ ರೆಕಾರ್ಡ್ ಕಂಪನಿ ಎಂಬತ್ತರ ದಶಕದ ಹಳೇ ಹಾಡುಗಳನ್ನೇ ಮತ್ತೆ ಹಾಡಿ ಆಲ್ಬಂ ಮಾಡು ಎಂದಾಗ ಒಲ್ಲೆ ಎಂದು ಹೊರಬಂದ. ಹಿಂದಿನ ವರ್ಷವಷ್ಟೇ ಆತನ ‘ಟ್ರೆಸ್‌ಪಾಸಿಂಗ್’ ಆಲ್ಬಂ ಬಿಲ್‌ಬೋರ್ಡ್‌ನಲ್ಲಿ ಮೊದಲ ಸ್ಥಾನಕ್ಕೇರಿತ್ತು. ಇನ್ನೊಂದು ಕಂಪನಿ ಸೇರಿ 2015ರಲ್ಲಿ ಹೊಸ ಹಾಡುಗಳನ್ನೇ ತಂದ. 2024ರಲ್ಲಿ ಬ್ರಾಡ್‌ವೇಯ ‘ಕ್ಯಾಬರೆ’ಯಲ್ಲಿ ಮುಖ್ಯ ಪಾತ್ರವನ್ನೇ ಮಾಡಿದ.

ನಮ್ಮಲ್ಲಿ ಅರಿಜಿತ್ ಸಿಂಗ್ ರನ್ನರ್ ಅಪ್ ಕೂಡ ಆಗಿರಲಿಲ್ಲ. 2005ರ ‘ಫೇಮ್ ಗುರುಕುಲ್’ನಲ್ಲಿ ಫೈನಲ್‌ಗೆ ಮುಂಚೆಯೇ ಹೊರಬಿದ್ದ. ನಂತರದ ಇನ್ನೊಂದು ಶೋನಲ್ಲಿ ಗೆದ್ದ ದುಡ್ಡನ್ನು ಸ್ವಂತ ರೆಕಾರ್ಡಿಂಗ್ ಸೆಟಪ್‌ಗೆ ಹಾಕಿದ. ಪ್ರೀತಂ ಮತ್ತಿತರ ಸಂಗೀತ ನಿರ್ದೇಶಕರ ಕೈಕೆಳಗೆ ಪ್ರೋಗ್ರಾಮಿಂಗ್ ಮಾಡಿದ. ಮೈಕಿನ ಈಚೆಗಿನ ಕೆಲಸ, ನಮ್ಮಂತೆ ಕಂಪ್ಯೂಟರ್ ಮುಂದೆ ಕೂತು ಮಾಡುವಂಥದ್ದು. ‘ಮರ್ಡರ್ 2’ರಲ್ಲಿ ಹಾಡು ಬಂದದ್ದು 2011ರಲ್ಲಿ. ದೇಶವೇ ಗುರುತಿಸಿದ್ದು 2013ರ ‘ಆಶಿಕಿ 2’ರಿಂದ. ನಡುವಿನ ಆ ಎಂಟು ವರ್ಷದಲ್ಲಿ ಟಿವಿ ನೋಡುವವರ ಲೆಕ್ಕದಲ್ಲಿ ಆತ ಕಳೆದುಹೋದ ಹುಡುಗ.

ಇದೆಲ್ಲ ತಲೆಗೆ ಬಂದದ್ದು ನಮ್ಮ ಸೊಸೈಟಿಯ ಧಾರವಾಡದವರೊಬ್ಬರಿಂದ. ಹನ್ನೊಂದು ವರ್ಷದ ಮಗಳು ಮರಾಠಿ ಚಾನೆಲ್ಲೊಂದರ ಆಡಿಷನ್‌ನಲ್ಲಿ ಕೊನೆಯ ಸುತ್ತಿನವರೆಗೆ ಹೋಗಿ ಹೊರಬಂದಳು. ಈಗ ಗುರುಗಳ ಪಾಠ ಬಿಡಿಸಿ ಟಿವಿ ಶೋಗಳಿಗೆಂದೇ ತಯಾರು ಮಾಡುವ ವಾರಾಂತ್ಯದ ಕ್ಲಾಸಿಗೆ ಹಾಕಬೇಕೆಂಬ ಯೋಚನೆ ಅವರದು. ಅಲ್ಲಿ ಒಂದೂವರೆ ನಿಮಿಷದೊಳಗೆ ಜಡ್ಜ್‌ಗಳ ಕಣ್ಣಿಗೆ ಬೀಳುವುದನ್ನು ಕಲಿಸುತ್ತಾರಂತೆ. ಫೀಸು ಕೇಳಿ ನಾನೇ ಬೆಚ್ಚಿಬಿದ್ದೆ.

“ಏನ್ ಮಾಡೂಣ ಹೇಳ್ರಿ? ಇನ್ನೊಂದ್ ವರ್ಷ ಕಳದ್ರ ಆ ಗ್ರೂಪಿನ ವಯಸ್ಸು ದಾಟಿ ಹೋಗ್ತದ” ಎಂದರು. ಅವರ ಆತಂಕ ಸುಳ್ಳಲ್ಲ. ಈಗಿನ ಗುರುಗಳನ್ನು ಮಾತ್ರ ಬಿಡಿಸಬೇಡಿ ಎಂದಷ್ಟೇ ಹೇಳಿ, ಲ್ಯಾಂಬರ್ಟ್ ಹಡಗಿನಲ್ಲಿ ಹಾಡಿದ್ದು, ಅರಿಜಿತ್ ಸ್ಟುಡಿಯೋದಲ್ಲಿ ಕೂತಿದ್ದು ಎಲ್ಲ ವಿವರಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. ಸೋಫಾದ ತುದಿಯಲ್ಲಿ ಕೂತು ಕೇಳುತ್ತಿದ್ದ ಮಗಳು ಮಾತ್ರ ನಡುವೆ ಬಾಯಿ ಹಾಕಿದಳು: “ಅಂಕಲ್, ಅವ್ರು ಹಡಗಿನ್ಯಾಗ ದಿನಾ ಅದ ಹಾಡು ಹಾಡ್ತಿದ್ರೋ, ಬ್ಯಾರೆ ಬ್ಯಾರೆನೋ?”