ಅಜಂತಾದ ನೀಲಿ ನಮ್ಮ ಹಿತ್ತಲಗೋಡೆಯಲ್ಲಿ!

ನಾಸಿಕದ ಯಾವ ಪೇಂಟ್ ಅಂಗಡಿಗೆ ಹೋದರೂ ಅದೇ ಪೇಚಾಟ. ಶೇಡ್ ಕಾರ್ಡ್ ಬಿಡಿಸಿದರೆ ನೀಲಿಯ ಪಕ್ಕ ನೀಲಿ, ಅದರ ಪಕ್ಕ ಇನ್ನೊಂದು ನೀಲಿ. ಮನೆಯಲ್ಲಿ ಒಬ್ಬರಿಗೆ ಎರಡೂ ಒಂದೇ, ಇನ್ನೊಬ್ಬರಿಗೆ ಅಜಗಜಾಂತರ. ಅಜಗಜಾಂತರ ಅನ್ನುವವರೇ ಸರಿ! ಸಾಕ್ಷಿ ಬೇಕೆ? ಪೂರ್ವಕ್ಕೆ ಹೊರಡಿ. ಛತ್ರಪತಿ ಸಂಭಾಜಿನಗರ ದಾಟಿ ಇನ್ನೂ ನೂರು ಕಿಲೋಮೀಟರ್ ಹೋದರೆ, ವಾಘೋರಾ ನದಿ ಬಳಸಿ ಹರಿಯುವ ಬಂಡೆಯಲ್ಲಿ ಅಜಂತಾ.

ಗುಹೆಯ ಕತ್ತಲೆಗೆ ಕಣ್ಣು ಒಗ್ಗುವುದೇ ತಡ, ಕೆಮ್ಮಣ್ಣಿನ ಕೆಂಪು ಕಾಣುತ್ತದೆ, ಹಳದಿ ಕಾಣುತ್ತದೆ, ಹಸಿರು ಕಾಣುತ್ತದೆ. ಎಲ್ಲ ಅಲ್ಲಿನ ಮಣ್ಣು, ಅಲ್ಲಿನ ಕಲ್ಲು. ಅವುಗಳ ನಡುವೆ ಫಳ್ಳನೆ ಆ ನೀಲಿ! ಅದು ಮಾತ್ರ ಅಲ್ಲಿಯದಲ್ಲ. ಹಿಂದೂಕುಶ್ ಪರ್ವತಗಳ ನಡುವಿನ ಬಡಕ್ಷಾನ್ ಗಣಿಗಳಿಂದ, ಇಂದಿನ ಅಫ್ಘಾನಿಸ್ತಾನದಿಂದ, ಬಂದ ರಾಜಾವರ್ತ ಶಿಲೆಯ ಪುಡಿ. ಕ್ರಿಸ್ತಪೂರ್ವದ 9, 10ನೇ ಗುಹೆಗಳ ಹಳೆಯ ಚಿತ್ರಗಳಲ್ಲಿ ಇದಿಲ್ಲ. 5ನೇ ಶತಮಾನದಲ್ಲಿ, ವಾಕಾಟಕರ ಕಾಲದಲ್ಲಿ, ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಒಂದು ಬಣ್ಣಕ್ಕಾಗಿ ಎಷ್ಟು ಕಣಿವೆ, ಎಷ್ಟು ನದಿ ದಾಟಿದ್ದಾರೆ ನೋಡಿ!

ನಿಜವಾದ ಬೆರಗು ಮುಂದಿದೆ. 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಈ ದುಬಾರಿ ನೀಲಿಯನ್ನು ಅಗ್ಗವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಸಾರಿತು. 1828ರಲ್ಲಿ ಗಿಮೆ ಎಂಬ ರಸಾಯನ ತಜ್ಞ ಅದನ್ನು ಗೆದ್ದ. ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲು; ಒಟ್ಟಿಗೆ ಸುಟ್ಟರೆ ನೀಲಿ! ಬಣ್ಣ ಕೊಡುವುದು ಒಳಗೆ ಸಿಕ್ಕಿಬಿದ್ದ ಗಂಧಕ, ರಾಜಾವರ್ತದಲ್ಲೂ ಅದೇ. ಇದೇ ಅಲ್ಟ್ರಾಮರೀನ್. ಬಟ್ಟೆಗೆ ಹಾಕುವ ನೀಲಿಯಾಗಿ ಇದೇ ನಮ್ಮೂರ ಕಿರಾಣಿ ಅಂಗಡಿಗೂ ಬಂತು. ಹಬ್ಬದ ಮುಂಚೆ ಸುಣ್ಣಕ್ಕೆ ಕದಡಿ ಹಿತ್ತಲಗೋಡೆಗೂ ಬಳಿದೆವು. ಅಜ್ಜಿಯರು ಅಜಂತಾ ನೋಡದೆಯೇ ಅಜಂತಾದ ಬಣ್ಣ ಹಚ್ಚಿದ್ದರು! ಸುಣ್ಣದ ಕ್ಷಾರಕ್ಕೆ ಅಲ್ಟ್ರಾಮರೀನ್ ಅಂಜುವುದಿಲ್ಲ. ಅದರಂತೆಯೇ ಕಾಣುವ ಪ್ರಷ್ಯನ್ ನೀಲಿಯನ್ನು ಸುಣ್ಣಕ್ಕೆ ಹಾಕಿ ನೋಡಿ, ಬಣ್ಣ ಕೆಡುತ್ತದೆ.

ಶೇಡ್ ಕಾರ್ಡಿನ ಗುಟ್ಟೂ ಇಲ್ಲೇ ಇದೆ. ಒಂದು ನೀಲಿಯಲ್ಲಿ ಅಲ್ಟ್ರಾಮರೀನ್ ಹೆಚ್ಚು, ಅದು ಸ್ವಲ್ಪ ಕೆಂಪಿನತ್ತ, ನೇರಳೆಯತ್ತ ವಾಲುತ್ತದೆ. ಪಕ್ಕದ್ದರಲ್ಲಿ ಥ್ಯಾಲೊ ನೀಲಿ, ಅದರ ವಾಲಿಕೆ ಹಸಿರಿನತ್ತ. ಹಗಲಲ್ಲಿ ಅಂಗಡಿಯ ಬಾಗಿಲ ಬಳಿ ಎರಡೂ ಒಂದೇ ಅನ್ನಿಸಬಹುದು. ರಾತ್ರಿ ಹಾಲಿನ ಹಳದಿ ಬಲ್ಬು ಹಾಕಿ, ಆಗ ಬೇರೆಯಾಗುತ್ತವೆ: ಒಂದು ಬೂದಿ ಬಣ್ಣಕ್ಕೆ ಇಳಿದರೆ ಇನ್ನೊಂದು ಹಸಿರಿಗೆ ತಿರುಗುತ್ತದೆ.

ಅಜಂತಾಕ್ಕೂ ಈ ಕಾಟ ತಪ್ಪಿಲ್ಲ. ಕಲಬುರಗಿ, ಬೀದರ್, ರಾಯಚೂರುಗಳಂತೆ ಅದೂ ನಿಜಾಮರ ಸೀಮೆಯಲ್ಲಿತ್ತು. 1920ರ ದಶಕದ ಆರಂಭದಲ್ಲಿ ಆ ಸರ್ಕಾರ ಇಟಲಿಯಿಂದ ಕರೆಸಿದ ತಜ್ಞರು ಚಿತ್ರಗಳನ್ನು ಉಳಿಸಲೆಂದು ಅರಗಿನ ವಾರ್ನಿಷ್ ಬಳಿದರು. ವರ್ಷ ಕಳೆದಂತೆ ವಾರ್ನಿಷ್ ಹಳದಿಗಟ್ಟಿತು, ಅದರಡಿಯ ನೀಲಿ ಹಸಿರಾಗಿ ಕಾಣತೊಡಗಿತು. ನಮ್ಮ ಹಾಲಿನ ಬಲ್ಬು ಮಾಡುವುದೂ ಅದೇ ಕೆಲಸ! ಆದ್ದರಿಂದ ಡಬ್ಬ ಮಿಕ್ಸ್ ಮಾಡಿಸುವ ಮೊದಲು ಸ್ಯಾಂಪಲ್ ತಂದು, ಗೋಡೆಯ ಮೇಲೆ ಎರಡಡಿ ಅಗಲಕ್ಕೆ ಎರಡು ಕೋಟ್ ಹೊಡೆದು, ರಾತ್ರಿ ಊಟದ ಹೊತ್ತಿಗೆ ದೀಪ ಹಾಕಿ ನೋಡಿ. ಬಲ್ಬು ಬದಲಿಸುವ ಯೋಚನೆಯಿದ್ದರೆ ಅದನ್ನು ಇನ್ನೂ ಮೊದಲೇ ಮುಗಿಸಿಕೊಳ್ಳಿ.