ಐವತ್ತೆರಡರಲ್ಲಿ ಬಿಳಿ ಬೆಲ್ಟು

ಆಷಾಢದಲ್ಲಿ ಶಿರಸಿ ಸೀಮೆಯ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಮಾತ್ರ. ಹಾಗಾಗಿ ಸಂಜೆಯ ಕರಾಟೆ ಕ್ಲಾಸಿನಲ್ಲಿ ಸಾಲಾಗಿ ನಿಂತ ಬಿಳಿ ಡ್ರೆಸ್ಸುಗಳಿಂದೆಲ್ಲ ಸಣ್ಣಗೆ ಹೊಗೆವಾಸನೆ ಬರುತ್ತಿರುತ್ತದೆ. ಇಲ್ಲಿ ಸಾಲು ನಿಲ್ಲುವುದು ಬೆಲ್ಟು ನೋಡಿ, ವಯಸ್ಸು ನೋಡಿ ಅಲ್ಲ. ಮುಂದೆ ಹಸಿರು ಬೆಲ್ಟಿನ ಐದನೇ ಕ್ಲಾಸಿನ ಹುಡುಗಿ, ಹಿಂದೆ ಕೊನೆಯಲ್ಲಿ ನಾನು. ಮೊದಲ ವಾರವೇ ಅವಳು ತಿರುಗಿ, ‘ಅಂಕಲ್, ಎಡಗಾಲು ಮುಂದೆ’ ಎಂದು ಪಿಸುಗುಟ್ಟಿದಳು. ಕಾಲು ಬದಲಿಸಿದೆ. ಮನೆಯಲ್ಲಿ ಈ ಕತೆ ಹೇಳಿದಾಗ, ‘ಈ ವಯಸ್ಸಲ್ಲಿ ಇದೆಲ್ಲ ಎಂತಕ್ಕೆ ಬೇಕಾಗಿತ್ತು ನಿಮಗೆ?’ ಎಂಬ ಪ್ರಶ್ನೆ ಬಂತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಈ ಬರಹ.

ಕರಾಟೆ ಎಂದರೆ ನಮ್ಮ ಕಡೆ ಇನ್ನೂ ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಂಚು ಒಡೆಯುವ ಆಟ. ಕ್ಲಾಸಿಗೆ ಹೋದವರಿಗೆ ಗೊತ್ತು, ಅಲ್ಲಿ ಮೊದಲ ಆರು ತಿಂಗಳು ಕಲಿಸುವುದು ನಿಲ್ಲುವುದನ್ನು. ಒಂದು ಕಾಲು ಉದ್ದಕ್ಕೆ ಮುಂದೆ, ಅದರ ಮಂಡಿ ಬಾಗಿ ಪಾದದ ನೇರಕ್ಕೆ. ಹಿಂದಿನ ಕಾಲು ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. ಸೊಂಟ ಎದುರಿಗೆ, ಬೆನ್ನು ನೇರ. ಝೆಂಕುತ್ಸು ದಾಚಿ ಎಂಬ ಈ ನಿಲುವಿನಲ್ಲಿ ಎರಡು ನಿಮಿಷ ನಿಂತರೆ ತೊಡೆ ತರಗುಟ್ಟುತ್ತದೆ. ಹಾಗೆ ನಿಂತುಕೊಂಡೇ ‘ಇಚಿ, ನಿ, ಸಾನ್, ಶಿ’ ಎಂಬ ಜಪಾನಿ ಎಣಿಕೆಗೆ ಹೆಜ್ಜೆ ಕಿತ್ತು ಹೆಜ್ಜೆ ಊರಬೇಕು. ಬೀಳುವುದು ಹೇಗೆಂದು ಕಲಿಸುವುದು ಮುಖ್ಯವಾಗಿ ಜೂಡೊ. ಕರಾಟೆಯ ಕಾಳಜಿಯೆಲ್ಲ ಬೀಳದೆ ನಿಲ್ಲುವುದರ ಬಗ್ಗೆ.

ಈ ವಿದ್ಯೆ ನಮ್ಮ ಹಿರಿಯರಿಗೆ ಕ್ಲಾಸಿಲ್ಲದೆ ಬಂದಿತ್ತು. ಮಳೆಗಾಲದಲ್ಲಿ ಹಳ್ಳದ ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಕಾಲುಸಂಕವನ್ನು ತಲೆಯ ಮೇಲೆ ಹೊರೆ ಇಟ್ಟುಕೊಂಡು ದಾಟಿದವರು ಅವರು. ಹಾವಸೆ ಕಟ್ಟಿದ ಮರದ ಮೇಲೆ ಪಾದ ಹೇಗೆ ಊರಬೇಕು, ಭಾರ ಯಾವಾಗ ಮುಂದಿನ ಕಾಲಿಗೆ ದಾಟಿಸಬೇಕು ಎಂಬುದು ಅವರ ಸೊಂಟಕ್ಕೇ ಗೊತ್ತಿತ್ತು. ಸೊಪ್ಪಿನ ಬೆಟ್ಟ ಹತ್ತುವುದು, ತೋಟದ ಧರೆ ಇಳಿಯುವುದು, ಮೆಟ್ಟುಗತ್ತಿಯ ಮುಂದೆ ಕೂತು ಏಳುವುದು ಎಲ್ಲ ಸೇರಿ ದಿನವಿಡೀ ಮೈ ಪಳಗುತ್ತಿತ್ತು. ಈಗ ತೋಟದ ಅಂಚಿನವರೆಗೆ ಬೈಕು ಹೋಗುತ್ತದೆ, ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಒಳ್ಳೆಯದೇ ಆಯಿತು, ಆ ದುಡಿತದ ಬೆನ್ನುನೋವಿಗೆ ಯಾರೂ ಹಂಬಲಿಸಬೇಕಿಲ್ಲ. ಆದರೆ ಎಪ್ಪತ್ತರ ಅಜ್ಜ ಸಂಕ ದಾಟುತ್ತಿದ್ದ ಊರಿನಲ್ಲಿ ಐವತ್ತರ ಮೊಮ್ಮಗ ಬಚ್ಚಲಲ್ಲಿ ಜಾರಿ ಬೀಳುತ್ತಿದ್ದಾನೆ. ಸಿದ್ದಾಪುರದ ಗುಡ್ಡದಲ್ಲೂ ಯಲ್ಲಾಪುರದ ಕಾಡಂಚಿನಲ್ಲೂ ಇದೇ ಕತೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕು, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. 65 ದಾಟಿದವರು ಇದರ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಶಕ್ತಿ ಎರಡನ್ನೂ ಪಳಗಿಸುವ ಅಭ್ಯಾಸ ಮಾಡಬೇಕು. ಬೆಳಗಿನ ವಾಕಿಂಗ್ ಉಸಿರಿಗೆ ಒಳ್ಳೆಯದು, ಸಮತೋಲಕ್ಕೆ ಅದೊಂದೇ ಸಾಲದು. ವಾರಕ್ಕೆ ಮೂರು ಸಂಜೆ ಒಂದೊಂದು ಗಂಟೆಯ ಕರಾಟೆ ದೊಡ್ಡವರ ಈ ಲೆಕ್ಕದ ಬಹುಪಾಲನ್ನು ತೀರಿಸಿಬಿಡುತ್ತದೆ.

ಯಕ್ಷಗಾನದ ಊರಿನವರಿಗೆ ಕರಾಟೆಯಲ್ಲಿ ಥಟ್ಟನೆ ಅರ್ಥವಾಗುವುದು ಕತಾ. ಎದುರಾಳಿ ಇದ್ದಾನೆ ಎಂದುಕೊಂಡು ಒಬ್ಬರೇ ಕಟ್ಟುವ ಚಲನೆಗಳ ಸರಣಿ ಅದು. ಮೊದಲು ಕಲಿಸುವ ಹೇಯಾನ್ ಶೋದಾನ್‌ನಲ್ಲಿ 21 ಚಲನೆಗಳಿವೆ. ಎಡಕ್ಕೆ ತಿರುಗಿ ಕೆಳಗಿನ ಹೊಡೆತ ತಡೆಯುವುದರಿಂದ ಶುರುವಾಗಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಒಂದು ಗೇಣು ಅತ್ತಿತ್ತಾದರೂ ಹೆಜ್ಜೆ ತಪ್ಪಿದ್ದು ಗೊತ್ತಾಗುತ್ತದೆ. ಮುಂದಿನದು ಎಡವೋ ಬಲವೋ ಎಂದು ನೆನಪಿಡುವುದರಲ್ಲಿ ಮೊಬೈಲು, ಅಡಿಕೆ ದರ, ಮಗನ ಬೆಂಗಳೂರು ಎಲ್ಲ ಮರೆತುಹೋಗುತ್ತವೆ. ನನಗೆ ಸಿಕ್ಕ ದೊಡ್ಡ ಲಾಭ ಇದೇ. ಹೆಜ್ಜೆ ಮೈಗೂಡಿದವನಿಗೆ ವಯಸ್ಸು ಅಡ್ಡಬರುವುದಿಲ್ಲ ಎನ್ನುವುದಕ್ಕೆ ನಮಗೆ ಜಪಾನಿನ ಸಾಕ್ಷಿಯೂ ಬೇಡ. ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿ ಕುಣಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ಕಣ್ಣಾರೆ ಕಂಡವರು ನಾವು.

ಜಪಾನಿನ ಸಾಕ್ಷಿಯೂ ಇದೆ ಅನ್ನಿ. ಓಕಿನಾವಾ ದ್ವೀಪದ ಇತೋಸು ಆಂಕೋ 20ನೇ ಶತಮಾನದ ಆರಂಭದಲ್ಲಿ ಈ ಗುಪ್ತವಿದ್ಯೆಯನ್ನು ಶಾಲೆಗೆ ತಂದರು. ಮಕ್ಕಳಿಗೆ ಸುಲಭವಾಗಲೆಂದು ಅವರು ರೂಪಿಸಿದ ಐದು ಕತಾಗಳೇ ಇವತ್ತು ಹೇಯಾನ್ ಹೆಸರಿನಲ್ಲಿ ನಮ್ಮ ಮಕ್ಕಳ ಪರೀಕ್ಷೆಗೆ ಬರುತ್ತವೆ. ಅವರ ಶಿಷ್ಯ ಗಿಚಿನ್ ಫುನಾಕೊಶಿ ಶಾಲಾ ಮಾಸ್ತರು. ಹುಟ್ಟಿದ್ದು 1868ರಲ್ಲಿ, ಬಾಲ್ಯದಲ್ಲಿ ತೀರಾ ನಿಶ್ಶಕ್ತ ಹುಡುಗ. 1922ರಲ್ಲಿ ಟೋಕಿಯೊಕ್ಕೆ ಹೋಗಿ ಕರಾಟೆ ತೋರಿಸಿ ಅಲ್ಲೇ ಉಳಿದು ಕಲಿಸತೊಡಗಿದಾಗ ಅವರಿಗೆ ಐವತ್ತು ದಾಟಿತ್ತು. 1957ರಲ್ಲಿ ತೀರಿಕೊಂಡಾಗ 88. ಮೊನ್ನೆಮೊನ್ನೆಯ ಮಾತೆಂದರೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕತಾ ಚಿನ್ನ ಗೆದ್ದ ಸ್ಪೇನಿನ ಸಾಂಡ್ರಾ ಸಾಂಚೆಸ್‌ಗೆ ಆಗ 39 ವರ್ಷ.

ಕ್ಲಾಸಿನಲ್ಲಿ ಕೈಕಾಲಿಗಿಂತ ತಡವಾಗಿ ಪಳಗುವುದು ಗಂಟಲು. ಹೊಡೆತ ಮುಗಿಯುವ ಕ್ಷಣಕ್ಕೆ ಹೊಟ್ಟೆಯಿಂದ ಕೂಗಬೇಕು, ಅದಕ್ಕೆ ಕಿಯಾಯ್ ಎನ್ನುತ್ತಾರೆ. ಗಂಡುಮಕ್ಕಳು ಬಣ್ಣದ ವೇಷದ ರಾಕ್ಷಸನಂತೆ ಅಬ್ಬರಿಸಿ ಖುಷಿಪಡುತ್ತಾರೆ. ಹೆಣ್ಣುಮಕ್ಕಳಿಗೆ, ಅದರಲ್ಲೂ ಮಗಳನ್ನು ಬಿಡಲು ಬಂದು ತಾವೂ ಸೇರಿದ ತಾಯಂದಿರಿಗೆ, ಧ್ವನಿಯೇ ಹೊರಡುವುದಿಲ್ಲ. ಮೆಲ್ಲಗೆ ಮಾತಾಡು ಎಂದು ಕೇಳಿಯೇ ಬೆಳೆದವರು. ಒಬ್ಬರು ಮೂರು ತಿಂಗಳು ಬಾಯಿ ತೆರೆದು ಮುಚ್ಚಿ ಮಾಡಿ, ಒಂದು ದಿನ ಕೂಗಿಯೇ ಬಿಟ್ಟರು. ಹಾಲ್ ಒಂದು ಗಳಿಗೆ ತಣ್ಣಗಾಯಿತು, ಆಮೇಲೆ ಅವರೇ ನಕ್ಕರು. ಶಾಲೆಗಳಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಕೊಡಿಸುವ ಆತ್ಮರಕ್ಷಣೆ ತರಬೇತಿ ಕೆಲವೇ ತಿಂಗಳಿನದು. ಅಷ್ಟರಲ್ಲಿ ಪಂಚ್ ಬರುವುದು ಅನುಮಾನ, ಕೂಗು ಬಂದರೂ ಸಾರ್ಥಕವೇ.

ನಡುವೆ ನಿಲ್ಲಿಸಿಬಿಡುವುದು ನಮ್ಮ ಹಳೆಯ ರೋಗ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ತರಬೇತಿಗೆ ಆರಿಸಿಕೊಂಡಿತು. ಮಕ್ಕಳು ಓಡಿದರು, ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಊರಿಗೆ ಮರಳಿದರು. ಪದಕಕ್ಕಾಗಿ ಮಾತ್ರ ನಡೆಯುವ ಅಭ್ಯಾಸದ ಹಣೆಬರಹ ಇಷ್ಟೇ. ಕರಾಟೆ ಎಂದರೆ ಬರಿಗೈ ಎಂದರ್ಥ. ಮೈದಾನ, ಸಲಕರಣೆ, ಮಂಜೂರಾತಿ ಯಾವುದೂ ಬೇಡ. ಮನೆಯ ಅಂಗಳವೋ ಜಗಲಿಯೋ ಸಾಕು.

ಎಚ್ಚರಿಕೆಯ ಮಾತೂ ಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೇರಬಾರದು. ಮಂಡಿ ಸವೆದವರು ನಿಲುವನ್ನು ಅಷ್ಟು ತಗ್ಗಿಸಬೇಕಿಲ್ಲ, ಕಿಕ್ ಸೊಂಟದ ಕೆಳಗಿದ್ದರೆ ಯಾರೂ ಅಂಕ ಕಳೆಯುವುದಿಲ್ಲ. ಕಾದಾಟದ ಕುಮಿತೆ ನಲವತ್ತು ದಾಟಿ ಸೇರಿದವರಿಗೆ ಕಡ್ಡಾಯವಾಗಬೇಕಿಲ್ಲ. ಕಡ್ಡಾಯ ಎನ್ನುವ ಮಾಸ್ಟರನ್ನು ಬಿಟ್ಟು ಬೇರೆಯವರನ್ನು ಹುಡುಕಿ. ಒಂದೂವರೆ ವರ್ಷಕ್ಕೆ ಬ್ಲಾಕ್ ಬೆಲ್ಟ್ ಕೊಡುತ್ತೇನೆ ಎನ್ನುವವರು ಮಾರುತ್ತಿರುವುದು ಬೆಲ್ಟನ್ನು ಮಾತ್ರ. ಎರಡು ತಿಂಗಳಿಗೊಮ್ಮೆ ಪರೀಕ್ಷೆ ಫೀ ಕೇಳಿದರೂ ಅನುಮಾನಪಡಿ. ಸೇರುವ ಮೊದಲು ಒಂದು ಸಂಜೆ ಸುಮ್ಮನೆ ಗೋಡೆಗೆ ಒರಗಿ ನೋಡಿ: ಮಾಸ್ಟರ್ ಹೊಸಬರ ಕಾಲು ತಿದ್ದುತ್ತಾರೋ, ಮೊಬೈಲು ತಿದ್ದುತ್ತಾರೋ?

ಅಡಿಕೆಯ ಕೊನೆ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರಸೊತ್ತು ಸಿಗುವುದಿಲ್ಲ. ಈ ಮಳೆಗಾಲದಲ್ಲೇ ಹೋಗಿಬನ್ನಿ. ಡ್ರೆಸ್ ಕೊಳ್ಳುವ ಅವಸರ ಬೇಡ, ಮೊದಲ ತಿಂಗಳಿಗೆ ಲುಂಗಿ ಬಿಟ್ಟು ಪೈಜಾಮ ಹಾಕಿದರೆ ಸಾಕು.