ಬೀಜ ಯಾರ ಮನೆಯಲ್ಲಿದೆ?

ಮುಂಗಾರಿಗೆ ಮೊದಲು ನವಣೆಯ ಬೀಜ ಬೇಕಾದರೆ ನಾವು ಯಾರ ಮನೆಗೆ ಹೋಗುತ್ತೇವೆ? ಪ್ರತಿ ಹಳ್ಳಿಯಲ್ಲಿಯೂ ಅಂಥ ಒಂದೆರಡು ಮನೆಗಳಿರುತ್ತವೆ. ಅಲ್ಲಿಯ ಹಿರಿಯಳು ಬೇವಿನೆಲೆ, ಬೂದಿ ಬೆರೆಸಿ ಬುಟ್ಟಿಯಲ್ಲಿ ಕಾಪಾಡಿದ ಬೀಜವೇ ಊರಿಗೆಲ್ಲ ಆಧಾರ. ಮನೆಗೊಂದು ಚುಕ್ಕೆ, ಬೀಜ ಕೊಟ್ಟು ತಂದಲ್ಲಿಗೆ ಒಂದು ಗೆರೆ, ಹೀಗೆ ಪಾಟಿಯ ಮೇಲೆ ಬರೆದರೆ ಬಲೆಯೊಂದು ಮೂಡುತ್ತದೆ. ಇಂಥ ಬಲೆಗಳನ್ನು ಅಭ್ಯಾಸ ಮಾಡುವ ಶಾಸ್ತ್ರವೇ ಈಗ ಬೆಳೆದಿದೆ. ಸಾಂಕ್ರಾಮಿಕ ರೋಗ ಹರಡುವ ಬಗೆಯನ್ನೂ ಅದು ಹೀಗೆಯೇ ನೋಡುತ್ತದೆ.

2000ನೆಯ ಇಸವಿಯಲ್ಲಿ ಆಲ್ಬರ್ಟ್, ಜಿಯಾಂಗ್, ಬರಬಾಶಿ ಎಂಬ ವಿಜ್ಞಾನಿಗಳು ತೋರಿಸಿದ ಸಂಗತಿ ನಮಗೆ ಚೆನ್ನಾಗಿ ಒಪ್ಪುತ್ತದೆ. ಕೆಲವೇ ಚುಕ್ಕೆಗಳಿಗೆ ಬಹಳ ಗೆರೆಗಳಿರುವ ಬಲೆಯಲ್ಲಿ ಕಂಡ ಕಂಡ ಚುಕ್ಕೆ ಅಳಿಸಿದರೂ ಬಲೆ ತಡೆಯುತ್ತದೆ. ಆ ದೊಡ್ಡ ಚುಕ್ಕೆಗಳನ್ನೇ ಅಳಿಸಿದರೆ ಹರಿದುಹೋಗುತ್ತದೆ. ಹಿರಿಯಳು ತೀರಿಕೊಂಡು ಮಗ ಸೊಸೆ ಪಟ್ಟಣ ಸೇರಿದರೆ, ಇಲ್ಲವೆ ಆ ಮನೆಯವರು ಹೊಲಕ್ಕೆಲ್ಲ ಹತ್ತಿ ಹಾಕಿದರೆ, ಮರುವರ್ಷ ಊರಿಗೇ ನವಣೆಯ ಬೀಜವಿಲ್ಲ.

ಜಹೀರಾಬಾದಿನ ಹತ್ತಿರ ಪಸ್ತಾಪುರದಲ್ಲಿ 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು, ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು, ಈ ಲೆಕ್ಕ ಹೊರಬರುವ ಮೊದಲೇ ಊರೂರಿಗೆ ಬೀಜನಿಧಿ ಕಟ್ಟತೊಡಗಿದ್ದರು. ಕಡ ಒಯ್ದವರು ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದು ಹಿಂದಿರುಗಿಸತಕ್ಕದ್ದು. ಸಂಕ್ರಾಂತಿಯ ಹೊತ್ತಿಗೆ ಬೀಜದ ಬಂಡಿಗಳ ಜಾತ್ರೆ ಹಳ್ಳಿಯಿಂದ ಹಳ್ಳಿಗೆ ಸಾಗಿ ದೂರದ ಗೆರೆಗಳನ್ನೂ ಕೂಡಿಸುತ್ತದೆ. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಬಹುಮಾನ ಬಂದಿತು. ಅದನ್ನು ಕಟ್ಟಿದವರಲ್ಲೊಬ್ಬರಾದ, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶ್ ಮೈಸೂರಿನವರೆಂಬುದು ನಮಗೆ ಸಂತೋಷದ ಮಾತು.

ಬೀಗತನವೂ ಇಂಥ ಗೆರೆಯೇ. ನಾರಾಯಣಖೇಡದ ಮಗಳನ್ನು ತಾಂಡೂರಿಗೆ ಕೊಟ್ಟಿದ್ದರೆ ಅಲ್ಲಿಯ ಮನೆಯಲ್ಲಿಯೂ ನಾಲ್ಕು ಸೇರು ಬೀಜ ಇರಲಿ. ಎರಡೂ ಕಡೆ ಮಳೆ ಒಂದೇ ವರ್ಷ ಕೈಕೊಡಬೇಕೆಂದಿಲ್ಲ.

ಆದರೆ ಗೆರೆಗಳ ಮೇಲೆ ಒಳ್ಳೆಯದೇ ಓಡಾಡುವುದೆಂದು ತಿಳಿಯಬಾರದು. ಜೋಳದ ಕಾಡಿಗೆ ರೋಗ ಬೀಜಕ್ಕೆ ಅಂಟಿಕೊಂಡೇ ಬರುತ್ತದೆ. ದೊಡ್ಡ ಚುಕ್ಕೆಯ ಮನೆಗೆ ಅದು ಹೊಕ್ಕರೆ ಊರಿನ ಹೊಲಗಳಿಗೆಲ್ಲ ಹಂಚಿಕೆಯಾಯಿತು. ಆದುದರಿಂದ ಮೊದಲು ಆ ಮನೆಯ ಹೊಲವನ್ನೇ, ತೆನೆ ನಿಂತಿರುವಾಗಲೇ, ನಾಲ್ಕು ಜನ ಕೂಡಿ ನೋಡಬೇಕು. ರೋಗವಿಲ್ಲದ ತೆನೆಗಳನ್ನೇ ಬೀಜಕ್ಕೆ ಆರಿಸಿ, ಬಿತ್ತುವ ಮೊದಲು ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಬೆರೆಸಬೇಕು. ಪುಡಿ ಬೆರೆಸಿದ ಬೀಜ ಉಳಿದರೆ ಅದನ್ನು ಹಿಟ್ಟಿನ ಗಿರಣಿಗೆ ಒಯ್ಯಬಾರದು, ದನಕ್ಕೂ ಹಾಕಬಾರದು.